ನೀರಿನ ತುತ್ತು

ಆ ಊರಿನ ನೀರಿಗೆ ಹಸಿವು ಇತ್ತು. ನೀರಿಗೆಂಥ ಹಸಿವು, ಅದಕ್ಕೆ ಹೊಟ್ಟೆ ಎಲ್ಲುಂಟು ಎಂದು ಕೇಳಬೇಡಿ. ನಾನೂ ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೇನೆ. ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಊರು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ನಾಲಗೆಯಷ್ಟು ಮರಳು, ಆ ಮರಳಿನ ಮೇಲೆ ನಲವತ್ತು ಮನೆ. ಬೆಳಗ್ಗೆ ಗೋಡೆಗೆ ಒರಗಿಸಿಟ್ಟ ಗುದ್ದಲಿ ಸಂಜೆಗೆ ಕೆಂಪಾಗುತ್ತಿತ್ತು. ಬಾಗಿಲ ಚಿಲಕ ವರ್ಷಕ್ಕೊಂದು ಬೇಕು. ಸೂಜಿಯನ್ನು ಹೆಂಗಸರು ಎಣ್ಣೆಬಟ್ಟೆಯಲ್ಲಿ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ನೀರು ಏನನ್ನಾದರೂ ತಿಂದೇ ತಿನ್ನುತ್ತದೆ, ಏನನ್ನು ತಿನ್ನಬೇಕು ಅನ್ನುವುದನ್ನು ಮಾತ್ರ ನಾವು ಆರಿಸಬಹುದು. ಇದು ಆ ಊರಿನ ಮೊದಲ ಮಾತು. ಮಕ್ಕಳು ಅಮ್ಮಾ ಅನ್ನುವ ಮುಂಚೆಯೇ ಇದನ್ನು ಕಲಿಯುತ್ತಿದ್ದರು ಎಂದರೆ ಸ್ವಲ್ಪ ಹೆಚ್ಚಾದೀತು. ಅಮ್ಮಾ ಅಂದಮೇಲೆ ಕಲಿಯುತ್ತಿದ್ದರು ಅನ್ನೋಣ.

ದೋಣಿಗಳ ವಿಷಯ ಮೊದಲು ಹೇಳಿಬಿಡುತ್ತೇನೆ, ಮನುಷ್ಯರದ್ದು ಆಮೇಲೆ. ಅಲ್ಲಿನ ದೋಣಿಗಳ ಹಿಂಬದಿಗೆ, ನೀರೊಳಗೆ, ಒಂದು ಕಂಚಿನ ಫ್ಯಾನು. ಅದು ತಿರುಗಿದರೆ ದೋಣಿ ಮುಂದೆ ಹೋಗುತ್ತದೆ. ಫ್ಯಾನನ್ನು ಹಿಡಿದಿರುವುದು ಉಕ್ಕಿನ ದಂಡ. ಕಂಚು, ಉಕ್ಕು ಎರಡೂ ಅಂಟಿಕೊಂಡು ಉಪ್ಪುನೀರಿನಲ್ಲಿ ನಿಂತರೆ ನೀರು ಎರಡರಲ್ಲಿ ಒಂದನ್ನು ತಿನ್ನಲು ಶುರುಮಾಡುತ್ತದೆ. ಅದಕ್ಕೇ ದಂಡದ ಮೇಲೆ ಸತುವಿನ ಒಂದು ಗಟ್ಟಿಯನ್ನು ಬಿಗಿಯುತ್ತಾರೆ. ಸತು ಪಾಪದ ಲೋಹ, ಎದುರಾಡುವುದಿಲ್ಲ. ನೀರು ಅದನ್ನು ಮೆಲ್ಲುತ್ತಾ ಕೂರುತ್ತದೆ, ಮಿಕ್ಕದ್ದೆಲ್ಲ ಉಳಿಯುತ್ತದೆ. ಆ ಗಟ್ಟಿಗೆ ಊರವರು ಇಟ್ಟ ಹೆಸರು ತುತ್ತು.

ಯಾವ ದೋಣಿಗೆ ಯಾವ ತುತ್ತು, ಎಷ್ಟು ತೂಕದ್ದು, ಎಲ್ಲಿ ಬಿಗಿಯಬೇಕು ಎಂದು ಹೇಳುವವಳು ಒಬ್ಬಳಿದ್ದಳು. ಅವಳನ್ನು ಆಯುವವಳು ಎಂದು ಕರೆಯುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆಯುತ್ತೇವಲ್ಲ, ಆ ಆಯುವುದು. ಅವಳ ಅಪ್ಪನೂ ಆಯುವವನೇ. ಪ್ರತಿ ಅಮಾವಾಸ್ಯೆಯ ನೀರಿಳಿತದಲ್ಲಿ ದೋಣಿಗಳು ಮರಳಿನ ಮೇಲೆ ಓರೆಯಾಗಿ ಕೂತಾಗ ಅವಳು ಒಂದು ತಕ್ಕಡಿ, ಒಂದು ಅರ, ಒಂದು ಸಣ್ಣ ಸುತ್ತಿಗೆ ಹಿಡಿದು ಬರುತ್ತಿದ್ದಳು. ಮೊದಲು ನೀರನ್ನು ಬೆರಳಲ್ಲಿ ಅದ್ದಿ ನಾಲಗೆಗೆ ಮುಟ್ಟಿಸುವಳು. ಉಪ್ಪುನೀರಿಗೆ ಸತು, ಸಿಹಿನೀರಿಗೆ ಹಗುರಲೋಹ ಎಂದು ಗಟ್ಟಿಯಾಗಿ ಹೇಳುವಳು. ಹಾಗೆ ಹೇಳುವುದು ಪದ್ಧತಿ, ಅಷ್ಟೇ. ಹಗುರಲೋಹದ ಗಟ್ಟಿಗಳು ಅಪ್ಪನ ಕಾಲದಿಂದ ಪೆಟ್ಟಿಗೆಯಲ್ಲೇ ಇದ್ದವು. ಆ ಊರಿನ ನೀರು ಯಾವತ್ತು ಸಿಹಿಯಾಗಿತ್ತು ಹೇಳಿ? ಆಮೇಲೆ ಫ್ಯಾನಿಗೆ ಸುತ್ತಿಗೆಯಿಂದ ಒಂದು ಏಟು. ಟಣ್ ಅಂದರೆ ಸರಿ.

ಕೊನೆಗೆ ಅವಳು ಮೂರು ಮಾತು ಹೇಳುತ್ತಿದ್ದಳು. ಮೈಗೆ ಮೈ ತಾಗಬೇಕು. ತುತ್ತಿಗೆ ಬಣ್ಣ ಬಳಿಯಬಾರದು. ಅರ್ಧ ಸವೆದರೆ ಬದಲಿಸಬೇಕು. ದೋಣಿಯವರು ಮೂರನ್ನೂ ತಿರುಗಿ ಹೇಳುತ್ತಿದ್ದರು.

ಈಗ ಮನುಷ್ಯರು. ನೀರು ದೋಣಿಗಳಷ್ಟಕ್ಕೆ ನಿಲ್ಲುವಂಥದ್ದಲ್ಲ. ಬಾವಿಯಲ್ಲಿ ಬಂತು, ಗೋಡೆಯ ಬುಡದಲ್ಲಿ ಬಂತು, ಗಾಳಿಯಲ್ಲೂ ಬಂತು. ಮನುಷ್ಯರನ್ನು ಅದು ತಿನ್ನುವ ರೀತಿ ಬೇರೆ. ಮೊದಲು ಅಂಗೈಯ ಗೆರೆ ಹೋಗುತ್ತದೆ, ಆಮೇಲೆ ಮರಳಿನ ಮೇಲಿನ ಹೆಜ್ಜೆ ಗುರುತು, ಆಮೇಲೆ ನೆರಳು, ದನಿ. ಹೆಸರಂತೂ ಯಾವಾಗ ಹೋಯಿತೆಂದು ಗೊತ್ತಾಗುವುದೇ ಇಲ್ಲ. ಮನೆಯವರೆಲ್ಲ ಹೀಗೆ ಸವೆದರೆ ಸಂಸಾರ ನಡೆಯುವುದು ಹೇಗೆ? ಅದಕ್ಕೇ ಪ್ರತಿ ಮನೆಗೂ ಒಬ್ಬರು ತುತ್ತು. ಆ ಒಬ್ಬರನ್ನು ನೀರು ತಿನ್ನುತ್ತದೆ, ಉಳಿದವರು ಗಟ್ಟಿಮುಟ್ಟಾಗಿ ಇರುತ್ತಾರೆ. ದಿನಾ ಬೆಳಗ್ಗೆ ತುತ್ತು ಹೊಸ್ತಿಲ ಒಳಗೆ ನಿಲ್ಲಬೇಕು. ಮನೆಯವರು ಹೊರಗೆ ಹೋಗುವಾಗ ಒಬ್ಬೊಬ್ಬರಾಗಿ ಆ ತುತ್ತಿನ ಹೆಗಲ ಮೇಲೆ ಕೈಯಿಟ್ಟು, ಒಂದು ಉಸಿರು ನಿಂತು, ದಾಟಬೇಕು. ಮೈಗೆ ಮೈ ತಾಗಬೇಕಲ್ಲ. ಬಣ್ಣದ ಮಾತೂ ಅಷ್ಟೇ. ತುತ್ತಿಗೆ ಬಣ್ಣದ ಸೀರೆ, ಅರಿಸಿನ, ಕುಂಕುಮ ಏನೂ ಇಲ್ಲ. ಮೂರನೆಯ ಮಾತನ್ನು ಮಾತ್ರ ಮನುಷ್ಯರ ವಿಷಯದಲ್ಲಿ ಯಾರೂ ಎತ್ತುತ್ತಿರಲಿಲ್ಲ. ತುತ್ತು ಅರ್ಧವಾದರೂ ತುತ್ತೇ, ಪೂರ್ತಿ ಮುಗಿದು ಗೋಡೆಯ ಮೇಲೊಂದು ತೇವದ ಗುರುತಾಗಿ ಉಳಿಯುವ ತನಕ.

ತುತ್ತನ್ನು ಆರಿಸಲು ಆಯುವವರ ಹತ್ತಿರ ಒಂದು ಕಂಚಿನ ಬೋಗುಣಿ ಇತ್ತು. ಅದರಲ್ಲಿ ಅಳಿವೆಯ ನೀರು ತುಂಬಿ ಮನೆಯವರೆಲ್ಲ ಒಟ್ಟಿಗೆ ಬೆರಳು ಅದ್ದುತ್ತಿದ್ದರು. ಯಾರ ಬೆರಳಿಗೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಬಂದು ಕೂರುತ್ತವೋ ಅವರೇ ತುತ್ತು. ಗುಳ್ಳೆ ಯಾವತ್ತೂ ಯಜಮಾನನ ಬೆರಳಿಗೆ ಬರಲಿಲ್ಲ, ನೋಡಿ. ಸೊಸೆಗೆ ಬಂತು, ಮದುವೆಯಾಗದ ಮಗಳಿಗೆ ಬಂತು, ಮಾತಾಡಲು ಬಾರದ ತಮ್ಮನಿಗೆ ಬಂತು. ನೀರಿಗೂ ಲೋಕಜ್ಞಾನ ಇರುತ್ತದೆ.

ಆಯುವವಳ ಮನೆಯ ತುತ್ತು ಅವಳ ತಂಗಿ.

ಅದಾಗಿ ಮೂವತ್ತು ವರ್ಷ. ಅಕ್ಕನಿಗೆ ಆಗ ಹತ್ತು, ತಂಗಿಗೆ ಏಳು, ತಮ್ಮ ತೊಟ್ಟಿಲಲ್ಲಿ. ಹಿಂದಿನ ತುತ್ತು, ಅಪ್ಪನ ಸೋದರತ್ತೆ, ಆ ವಾರವಷ್ಟೇ ಮುಗಿದಿದ್ದಳು. ಅಪ್ಪ ಬೋಗುಣಿ ಹಿಡಿದು ಕೂತ. ಅಮ್ಮ, ಇಬ್ಬರು ಹುಡುಗಿಯರು ಕೈ ಅದ್ದಿದರು. ಬೇರೆ ಮನೆಗಳಲ್ಲಿ ಹತ್ತು ಹನ್ನೆರಡು ಕೈಗಳ ಗಿಜಿಬಿಜಿ. ಇಲ್ಲಿ ಮೂರೇ ಕೈ, ದೂರದೂರ. ಬಹಳ ಹೊತ್ತು ಏನೂ ಆಗಲಿಲ್ಲ. ಅಪ್ಪನ ಮುಖ ಸ್ವಲ್ಪ ಅರಳಿ, "ನೀರಿಗೆ ಈ ಮನೆ ಬೇಡವೋ ಏನೋ" ಅಂದ. ಆಗ ಅಕ್ಕನಿಗೆ ತನ್ನ ತೋರುಬೆರಳು ಬೆಚ್ಚಗಾದ ಹಾಗೆ ಅನ್ನಿಸಿತು. ಬಂತು, ನನಗೇ ಬಂತು ಎಂದು ಹೆದರಿ ಹೋದಳು. ಹೆದರಿಕೆಗೆ ಕೈ ನೀರಿನಡಿಯಲ್ಲೇ ಸರಿದು ತಂಗಿಯ ಕಿರುಬೆರಳನ್ನು ಹಿಡಿದುಕೊಂಡಿತು. ತಂಗಿಯ ಬೆರಳ ತುಂಬ ಗುಳ್ಳೆ.

"ಆಯ್ತು" ಅಂದ ಅಪ್ಪ. ಅಷ್ಟೇ ಅಂದ.

ನನಗೆ ಬಂದದ್ದನ್ನು ಅವಳ ಮೇಲೆ ದೂಡಿದೆ ಎಂದು ಅಕ್ಕ ಮೂವತ್ತು ವರ್ಷ ಯಾರಿಗೂ ಹೇಳದೆ ಬದುಕಿದಳು. ಊರಿನ ನಲವತ್ತು ಮನೆಗೆ ತುತ್ತು ಆರಿಸಿದಳು. ಬೆಳಗ್ಗೆ ಹೊಸ್ತಿಲು ದಾಟುವಾಗ ತಂಗಿಯ ಹೆಗಲ ಮೇಲೆ ತಾನೂ ಕೈಯಿಟ್ಟಳು. ಇಡುವಾಗ ಮುಖ ನೋಡುತ್ತಿರಲಿಲ್ಲ, ಅದೊಂದು ಮರ್ಯಾದೆ ಉಳಿಸಿಕೊಂಡಿದ್ದಳು. ತಂಗಿಯ ಹೆಸರು ಮೊದಲ ವರ್ಷವೇ ಹೋಯಿತು. ನೆರಳು ಹೋಯಿತು. ಈಚೀಚೆಗೆ ಅವಳು ಒಲೆಯ ಮುಂದೆ ಕೂತರೆ ಅವಳ ಕೈಯ ಆಚೆಗಿನ ಉರಿ ಕಾಣುತ್ತಿತ್ತು.

ಹೀಗಿರುವಾಗ ಒಂದು ವರ್ಷ ಅಳಿವೆಯ ಬಾಯಿ ಮುಚ್ಚಿಕೊಂಡಿತು. ಕಡಲು ರಾಶಿ ರಾಶಿ ಮರಳು ತಂದು ಹಾಕಿ ಹಿಂದೆ ಸರಿಯಿತು. ಹೊಳೆಯ ನೀರು ಒಳಗೇ ನಿಂತು ತುಂಬಿತು. ದೋಣಿಗಳು ಹೊಳೆಯಲ್ಲೇ ಓಡಾಡಿಕೊಂಡಿದ್ದವು. ಉಬ್ಬರ ಇಳಿತ ನಿಂತದ್ದರಿಂದ ಅವುಗಳನ್ನು ಮರಳಿನ ಮೇಲೆ ಕೂರಿಸಿ ನೋಡುವ ಅಮಾವಾಸ್ಯೆಯ ಪದ್ಧತಿಯೂ ನಿಂತಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಊರಿಗೆಲ್ಲ ಒಂದೇ ಸುದ್ದಿ: ತುತ್ತುಗಳು ಸವೆಯುವುದು ನಿಂತಿದೆ!

ನಿಜವೇ. ನೀರಿಗೆ ಕೈಹಾಕಿ ನೋಡಿದರೆ ದೋಣಿಯ ಸತು ಬಿಗಿದಾಗ ಎಷ್ಟಿತ್ತೋ ಅಷ್ಟೇ ಇತ್ತು, ಮೇಲೊಂದು ಬಿಳಿ ಹೊಪ್ಪಳೆ ಬೇರೆ. ಮನೆಯ ತುತ್ತುಗಳ ಮೈಮೇಲೂ ಅದೇ ಬಿಳಿ, ಗೋಡೆಗೆ ಸುಣ್ಣ ಹೊಡೆದ ಹಾಗೆ. ಅವರ ಕೈಯಾಚೆಗೆ ಈಗ ಉರಿ ಕಾಣುತ್ತಿರಲಿಲ್ಲ. ತುಂಬಿಕೊಂಡ ಹಾಗೆ ಕಾಣುತ್ತಿದ್ದರು.

"ನೋಡು ಮಗಾ, ನಮ್ಮವಳು ಎಷ್ಟು ಮೈಕೈ ತುಂಬಿಕೊಂಡಿದ್ದಾಳೆ!" ಅಂದಳು ಅಮ್ಮ. "ನೀರಿನ ಹೊಟ್ಟೆ ತುಂಬಿತು. ಇನ್ನು ಹೆದರಿಕೆ ಇಲ್ಲ."

ಮನೆಮನೆಯಲ್ಲೂ ಪಾಯಸ ಮಾಡಿದರು. ಊರಿನ ಹಿರಿಯ, ಎಲ್ಲರೂ ಗುರಿಕಾರ ಎಂದು ಕರೆಯುತ್ತಿದ್ದವನು, ದೋಣಿ ಕಟ್ಟುವ ಧಕ್ಕೆಯ ಕಟ್ಟೆಯ ಮೇಲೆ ನಿಂತು ನೀರಿಗೆ ಕೈಮುಗಿದ. ಆದರೂ ಮಾರನೆಯ ಬೆಳಗ್ಗೆ ಎಲ್ಲರೂ ಹೊಸ್ತಿಲಲ್ಲಿ ತುತ್ತಿನ ಹೆಗಲ ಮೇಲೆ ಕೈಯಿಟ್ಟೇ ದಾಟಿದರು. ಅಭ್ಯಾಸ ನೋಡಿ, ಹಸಿವು ಹೋದರೂ ಉಣ್ಣುವ ಹೊತ್ತಿಗೆ ಬಾಯಿ ತೆರೆಯುತ್ತದೆ.

ತಿಂದ ಪಾಯಸ ಅಕ್ಕನ ಮೈಗೆ ಹತ್ತಲಿಲ್ಲ. ಅಪ್ಪ ಒಂದು ಮಾತು ಹೇಳುತ್ತಿದ್ದ. ತುತ್ತು ಸವೆದಿದ್ದರೆ ನಿದ್ದೆ ಮಾಡು, ಸವೆಯದಿದ್ದರೆ ಎದ್ದು ಕೂರು. ಅವಳು ಮಧ್ಯಾಹ್ನದ ಬಿಸಿಲಲ್ಲಿ ತಮ್ಮನ ದೋಣಿಯನ್ನು ದಡಕ್ಕೆ ಎಳೆಸಿದಳು. ಅವನು ಊರಿನ ದಾಟುದೋಣಿ ನಡೆಸುವ ತಾಂಡೇಲ. ದೋಣಿ ಅವನ ಕೈಯಲ್ಲಿ ಕುಣಿಯುತ್ತಿತ್ತು. ಅಕ್ಕ ನೀರನ್ನು ನಾಲಗೆಗೆ ಮುಟ್ಟಿಸಿದಳು. ಸಿಹಿ. ಫ್ಯಾನಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟಳು. ಟಣ್ ಅನ್ನಲಿಲ್ಲ. ಬೆಂದ ಗೆಣಸಿಗೆ ಹೊಡೆದಂತೆ ಸಪ್ಪೆಯಾಗಿ ಥಪ್ ಅಂದು, ಒಂದು ಅಲಗು ಗುಲಾಬಿ ಬಣ್ಣದ ಪುಡಿಯಾಗಿ ಅವಳ ಕಾಲ ಮೇಲೆ ಉದುರಿತು.

"ಅಯ್ಯೋ ದೇವರೇ! ಇದೆಂಥದಕ್ಕಾ?" ಅಂದ ತಮ್ಮ.

"ಉಪ್ಪುನೀರಿಗೆ ಸತು. ಸಿಹಿನೀರಿಗೆ ಅಲ್ಲ. ಸಿಹಿನೀರಲ್ಲಿ ಸತುವಿಗೆ ಚಿಪ್ಪು ಕಟ್ಟುತ್ತದೆ. ಅದರ ಬಾಯಿ ಮುಚ್ಚಿದ ಮೇಲೆ ನೀರು ಪಕ್ಕದ್ದಕ್ಕೆ ಬಾಯಿ ಹಾಕುತ್ತದೆ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಮರಳಿನ ಮೇಲೆ ಬಿತ್ತು. ದೋಣಿಯ ಸುತ್ತ ಅವಳ ಹೆಜ್ಜೆಗಳಿದ್ದವು. ತಮ್ಮನದು ಒಂದೂ ಇರಲಿಲ್ಲ. ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಅಂಗೈ ಮೊಟ್ಟೆಯಷ್ಟು ನುಣುಪು.

ಮನೆಗೆ ಓಡಿದಳು. ಅಮ್ಮ ಒಲೆಯ ಮುಂದೆ ಕೂತು, ಕುದಿಯುವ ಅನ್ನವನ್ನು ನೋಡುತ್ತಾ, ಇದನ್ನು ಇಳಿಸುವುದು ಹೇಗೆಂದು ಮರೆತಿದ್ದಳು. ಅವಳ ಹಿಂದಿನ ಗೋಡೆಯ ಮೇಲೆ ನೆರಳಿರಲಿಲ್ಲ. ಮೂಲೆಯಲ್ಲಿ ತಂಗಿ ಬೆಳ್ಳಗೆ ಕೂತಿದ್ದಳು.

ಮೂರೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಒಬ್ಬನನ್ನು ಅವನ ನಾಯಿಯೇ ಗುರುತು ಹಿಡಿಯಲಿಲ್ಲ. ಒಬ್ಬಳು ಮಗುವನ್ನು ಕೂಗಿದಳು, ದನಿ ಹೊರಡಲಿಲ್ಲ. ಗುರಿಕಾರನ ನೆರಳಿನಲ್ಲಿ ಅಲ್ಲಲ್ಲಿ ತೂತು ಬಿದ್ದು ಬಿಸಿಲು ಸೋರುತ್ತಿತ್ತು. ಮೊದಲ ಬಾರಿಗೆ ಯಜಮಾನರುಗಳೆಲ್ಲ ಗಾಬರಿಯಾದರು. ಗುರಿಕಾರ ಊರನ್ನು ಧಕ್ಕೆಗೆ ಕರೆದ.

"ದೋಣಿಗೆ ಏನು ಮಾಡ್ತೀ?" ಎಂದು ಆಯುವವಳನ್ನು ಕೇಳಿದ.

"ಸತು ಬಿಚ್ಚಿ ಹಗುರಲೋಹ ಬಿಗಿಯುತ್ತೇನೆ."

"ಹಾಗಾದರೆ ಮನೆಗಳಿಗೂ ಅದೇ. ಒಂದೋ ಈಗಿನ ತುತ್ತುಗಳ ಮೈಯ ಚಿಪ್ಪನ್ನು ನಿನ್ನ ಅರದಿಂದ ಉಜ್ಜಿ ತೆಗೆ. ಇಲ್ಲವೋ ಹಗುರವಾದದ್ದನ್ನು ಆರಿಸು."

"ಮನುಷ್ಯರಲ್ಲಿ ಹಗುರ ಅಂದರೆ ಎಂಥದು?"

ಗುರಿಕಾರ ಮುಖ ತಿರುಗಿಸಿದ. ಅವನು ನೋಡಿದ ಕಡೆ ಎಲ್ಲರೂ ನೋಡಿದರು. ಧಕ್ಕೆಯ ತುದಿಯಲ್ಲಿ ಮಕ್ಕಳು ಕಪ್ಪೆಚಿಪ್ಪು ಆಡುತ್ತಿದ್ದರು. ಅವರ ನಡುವೆ ತಮ್ಮನ ಮಗಳು, ಐದು ವರ್ಷದವಳು, ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವಳು. ತುತ್ತಿನ ತೊಡೆಯ ಮೇಲೆ ಬೆಳೆದವಳು.

"ಐದು ದಿನಕ್ಕೆ ಅಮಾವಾಸ್ಯೆ. ಬೋಗುಣಿ, ತಕ್ಕಡಿ ಎರಡೂ ತಾ. ಮೊದಲು ನಿನ್ನ ಮನೆ, ಆಮೇಲೆ ಊರು. ಆಯುವವಳ ಮನೆಯಿಂದ ಶುರುವಾದರೆ ಯಾರೂ ತಕರಾರು ಎತ್ತುವುದಿಲ್ಲ," ಅಂದ ಗುರಿಕಾರ. ಅವನು ಕೆಟ್ಟವನೇನಲ್ಲ ಮಾರಾಯ್ರೆ. ತೂತು ಬಿದ್ದ ನೆರಳಿನ ಮನುಷ್ಯ, ಹೆದರಿದ್ದ.

ಅತ್ತ ದರಿ, ಇತ್ತ ಪುಲಿ. ಅರ ಹಿಡಿದು ತಂಗಿಯನ್ನು ಉಜ್ಜುವುದೋ, ತಕ್ಕಡಿ ಹಿಡಿದು ಮಗುವನ್ನು ತೂಗುವುದೋ. ಆಯುವವಳು ಮನೆಯಲ್ಲಿ ಅರವನ್ನು ಮಡಿಲಲ್ಲಿಟ್ಟುಕೊಂಡು ತಂಗಿಯ ಎದುರು ಕೂತಳು. ತಂಗಿ ಸೆರಗು ಸರಿಸಿ ಬೆಳ್ಳಗಿನ ತೋಳನ್ನು ಮುಂದೆ ಚಾಚಿದಳು. ಉಜ್ಜು ಅನ್ನುವ ಹಾಗೆ. ಅಷ್ಟು ಸಲೀಸಾಗಿ ಚಾಚಿದ ಆ ತೋಳನ್ನು ನೋಡಿ ಅಕ್ಕ ಅರವನ್ನು ಕೆಳಗಿಟ್ಟಳು. ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತು ಅತ್ತಳು.

ಕಡಲನ್ನೇ ಮತ್ತೆ ಒಳಗೆ ಬಿಟ್ಟರೆ? ನೀರು ಉಪ್ಪಾದರೆ ಮಗು ಉಳಿಯುತ್ತದೆ. ತಂಗಿ ಹೇಗೂ... ಆ ಯೋಚನೆಯನ್ನು ಪೂರ್ತಿ ಮಾಡದೆ ಅವಳು ಗುದ್ದಲಿ ಹೊತ್ತು ಮರಳದಿಬ್ಬಕ್ಕೆ ನಡೆದಳು. ಒಬ್ಬಳೇ ಅಗೆದಳು. ಅಗೆದಷ್ಟೂ ಮರಳು ಜಾರಿ ತುಂಬಿಕೊಂಡಿತು. ಎರಡನೆಯ ದಿನ, ಮೊಣಕಾಲುದ್ದದ ಕೆಸರಿನಲ್ಲಿ, ಗುದ್ದಲಿಗೆ ಏನೋ ತಾಗಿ ದನಿ ಬಂತು.

ಟಣ್.

ಕೈಹಾಕಿ ಎಳೆದಳು. ಒಂದು ಕಂಚಿನ ಫ್ಯಾನು. ಮೈಮೇಲೆ ತೆಳ್ಳಗೆ ಹಸಿರು ಹತ್ತಿತ್ತು, ಅಷ್ಟೇ. ಅಲಗುಗಳ ಅಂಚು ಇನ್ನೂ ಚೂಪು. ಅಲಗುಗಳು ಕೂಡುವ ನಡುಭಾಗದ ಮೇಲೆ ಅರದ ಮೂರು ಗೀರು, ಅವಳ ಅಪ್ಪನ ಗುರುತು. ಅಪ್ಪನ ದೋಣಿಯ ಫ್ಯಾನು ಕಳಚಿ ಅಳಿವೆಯ ಬಾಯಲ್ಲಿ ಮುಳುಗಿದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಬೋಗುಣಿಯ ವರ್ಷಕ್ಕೂ ಹಿಂದಿನದು. ಅದಕ್ಕೆ ತುತ್ತು ಇರಲಿಲ್ಲ. ಸತು ಇರಲಿಲ್ಲ, ದಂಡ ಇರಲಿಲ್ಲ. ಯಾವುದಕ್ಕೂ ಅಂಟದೆ ಅದು ಮೂವತ್ತಕ್ಕೂ ಹೆಚ್ಚು ವರ್ಷ ಉಪ್ಪುನೀರಿನ ಬಾಯೊಳಗೇ ಬಿದ್ದುಕೊಂಡಿತ್ತು. ನೀರು ಅದನ್ನು ತಿಂದಿರಲಿಲ್ಲ.

ಅವಳು ಕೆಸರಿನಲ್ಲೇ ಕೂತುಬಿಟ್ಟಳು. ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಮ್ಮೆ ಬಡಿದಳು. ಟಣ್. ಮತ್ತೊಮ್ಮೆ ಬಡಿದಳು. ಬೋಗುಣಿಯಲ್ಲಿ ದೂರದೂರ ಇದ್ದ ಮೂರು ಕೈ ಕಣ್ಣಮುಂದೆ ಬಂತು. ಅಪ್ಪನ ಅರಳಿದ ಮುಖ ಬಂತು. ಆಮೇಲೆ ಸರಿದ ತನ್ನ ಕೈ ಬಂತು. ಬಿಸಿಲು ಏರುವ ತನಕ ಅವಳು ಅಲ್ಲಿಂದ ಏಳಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಊರೆಲ್ಲ ಧಕ್ಕೆಯಲ್ಲಿ ಸೇರಿತು. ಯಜಮಾನರು ಮುಂದೆ, ಹೆಂಗಸರು ಮಕ್ಕಳು ಹಿಂದೆ, ಬೆಳ್ಳನೆಯ ತುತ್ತುಗಳು ಸಾಲಾಗಿ ಗೋಡೆಯ ಬದಿಗೆ. ನಡುವೆ ಬೋಗುಣಿ. ಆಯುವವಳು ಬಂದಳು. ತಕ್ಕಡಿ ತಂದಿರಲಿಲ್ಲ, ಅರವನ್ನೂ ತಂದಿರಲಿಲ್ಲ. ಹೆಗಲ ಮೇಲೆ ಹಸಿರು ಫ್ಯಾನು ಹೊತ್ತಿದ್ದಳು.

"ತಕ್ಕಡಿ ಎಲ್ಲಿ?" ಅಂದ ಗುರಿಕಾರ.

"ಮೊದಲು ನೀವು ಬೆರಳು ಅದ್ದಿ. ಒಬ್ಬರೇ."

"ನಾನಾ? ನನ್ನ ಮನೆಯ ಸರದಿ ಆಮೇಲೆ."

"ನೆರಳು ಸೋರುತ್ತಾ ಉಂಟು. ಅದ್ದಿ, ಆದರೆ ಲಾಭ, ಆಗದಿದ್ದರೆ ನಷ್ಟ ಇಲ್ಲ."

ಅವನು ಅದ್ದಿದ. ಗುಳ್ಳೆ ಬರಲಿಲ್ಲ. ತನಗೆ ಬರುವುದಿಲ್ಲವೆಂದು ಮೊದಲೇ ಗೊತ್ತಿದ್ದವನಂತೆ ಸುತ್ತ ನೋಡಿದ. ಆಯುವವಳು ತಮ್ಮನನ್ನು ಕರೆದಳು. ಒಬ್ಬನೇ ಅದ್ದಿದ, ಬರಲಿಲ್ಲ. ಅಮ್ಮನ ಕೈ ಹಿಡಿಯದೆ, ಬಾಯಲ್ಲೇ ಹೇಳಿ ಹೇಳಿ ಅದ್ದಿಸಿದಳು. ಬರಲಿಲ್ಲ. ಕೊನೆಗೆ ತಮ್ಮನ ಮಗಳನ್ನು ಕರೆದಳು. ಹುಡುಗಿ ಬೆರಳು ಅದ್ದಿ, ನೀರು ಕಲಕಿ, "ತಣ್ಣಗುಂಟು ದೊಡ್ಡತ್ತೆ" ಅಂದಳು. ಒಂದು ಗುಳ್ಳೆಯೂ ಇಲ್ಲ.

"ಈಗ ನೀವೂ ಅದ್ದಿ," ಎಂದಳು ಗುರಿಕಾರನಿಗೆ. "ಅವಳ ಬೆರಳಿಗೆ ನಿಮ್ಮ ಬೆರಳು ತಾಗಿಸಿ."

ತಾಗಿಸಿದ. ಮಗುವಿನ ಬೆರಳ ತುಂಬ ಸಾಸಿವೆಯಂತೆ ಗುಳ್ಳೆ ಎದ್ದಿತು. ಹೆಂಗಸರ ಗುಂಪಿನಿಂದ ಒಂದು ಅಯ್ಯೋ ಕೇಳಿಸಿತು.

"ತೆಗೆಯಿರಿ."

ತೆಗೆದ. ಗುಳ್ಳೆ ಒಡೆದು ಹೋಯಿತು.

"ತಾಗಿಸಿ."

ಅವನು ತಾಗಿಸಲಿಲ್ಲ. ಕೈಯನ್ನು ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡ. ಆಯುವವಳು ಫ್ಯಾನನ್ನು ಕಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದಳು. ಅಷ್ಟು ದೊಡ್ಡ ದನಿ ಆ ಊರು ವರ್ಷಗಳಿಂದ ಕೇಳಿರಲಿಲ್ಲ. ಎಲ್ಲರ ಎದೆಯೊಳಗೂ ಹೋಗಿ ನಿಂತಿತು.

"ಇದು ನನ್ನ ಅಪ್ಪನ ಫ್ಯಾನು. ನನ್ನ ತಂಗಿ ಮಾತು ಕಲಿಯುವಾಗ ಮುಳುಗಿದ್ದು. ತುತ್ತಿಲ್ಲದೆ ಉಳಿದಿದೆ. ಒಂದಕ್ಕೊಂದು ಅಂಟಿಸಿದ್ದು ನಾವು. ಅಂಟಿಸಿದ ಮೇಲೆ ಯಾರನ್ನಾದರೂ ತಿನ್ನಲೇಬೇಕಲ್ಲ ನೀರು. ದೋಣಿಗೆ ಬೇರೆ ದಾರಿ ಇಲ್ಲ. ದಂಡ ಬಿಟ್ಟರೆ ಫ್ಯಾನು ತಿರುಗುವುದಿಲ್ಲ, ಅದಕ್ಕೆ ತುತ್ತು ಬೇಕು, ನಾನು ಬಿಗಿದು ಕೊಡುತ್ತೇನೆ. ಮನೆ ದೋಣಿಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಅಂಗೈ ನೋಡಿಕೊಂಡರು.

ಅಮ್ಮ ಮಾತ್ರ ಸಿಟ್ಟಾದಳು. ಅರ್ಧ ಮಾತು ಸವೆದ ಬಾಯಲ್ಲೇ ಸಿಟ್ಟಾದಳು. "ಮುಟ್ಟದೆ ಇರುವುದಾ? ಹೆತ್ತವರು, ಮಕ್ಕಳು, ಮುಟ್ಟದೆ ಇರುವುದಾ? ಅದೂ ಒಂದು ಬದುಕಾ?"

ಆಯುವವಳ ಹತ್ತಿರ ಇದ್ದದ್ದು ಒಂದು ತಪ್ಪೊಪ್ಪಿಗೆ. ಅವಳು ಗೋಡೆಯ ಬದಿಗೆ ಹೋಗಿ, ತಂಗಿಯ ಎದುರು, ಒಂದು ಮಾರು ದೂರದಲ್ಲಿ ನಿಂತಳು. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಮುಖವನ್ನು ನೇರ ನೋಡಿದಳು.

"ಅವತ್ತು ಗುಳ್ಳೆ ನಿನಗೆ ಬಂದದ್ದಲ್ಲ ತಂಗೀ. ನಾನು ಹೆದರಿದೆ. ನೀರಿನಡಿ ನಿನ್ನ ಬೆರಳು ಹಿಡಿದೆ. ಹಿಡಿಯದಿದ್ದರೆ ಯಾರಿಗೂ ಬರುತ್ತಿರಲಿಲ್ಲ. ಅಪ್ಪ ಎದ್ದು ಹೋಗುತ್ತಿದ್ದ. ಮೂವತ್ತು ವರ್ಷ... ಸುಮ್ಮನೆ." ಬಿಕ್ಕಿ ಬಿಕ್ಕಿ ಅತ್ತಳು.

ತಂಗಿಯ ಮುಖದ ಬಿಳಿ ಚಿಪ್ಪು ಬಾಯಿಯ ಹತ್ತಿರ ಬಿರುಕು ಬಿಟ್ಟಿತು. ಎಷ್ಟೋ ವರ್ಷಗಳಿಂದ ಅವಳ ದನಿ ಕೇಳಿದವರಿರಲಿಲ್ಲ. ಉಸಿರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

"ನೀನು ಹಿಡಿದದ್ದು ನನಗೆ ಗೊತ್ತಿಲ್ಲವಾ ಅಕ್ಕ? ಬೆರಳು ನನ್ನದೇ ಅಲ್ಲವಾ? ಅಕ್ಕನಿಗೆ ಹೆದರಿಕೆ ಆಗ್ತಾ ಉಂಟು, ಅದಕ್ಕೆ ಹಿಡಿದುಕೊಂಡಳು ಅಂತ ನಾನೂ ಬಿಡಲಿಲ್ಲ."

ಅಷ್ಟು ಹೇಳಿ ಅವಳು ಗೋಡೆಯಿಂದ ಬೇರೆಯಾಗಿ ಮನೆಯ ಕಡೆ ನಡೆದಳು. ಯಾರೂ ಅವಳ ಹೆಗಲ ಮೇಲೆ ಕೈಯಿಡಲಿಲ್ಲ. ಇತರ ಮನೆಗಳ ತುತ್ತುಗಳಲ್ಲಿ ಕೆಲವರು ಅವಳ ಹಿಂದೆ ಹೊರಟರು. ಕೆಲವರು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತರು.

ಮಾರನೆಯ ಬೆಳಗ್ಗೆ ಆ ಊರನ್ನು ನೀವು ನೋಡಬೇಕಿತ್ತು. ಮನೆಮನೆಯ ಹೊಸ್ತಿಲಲ್ಲೂ ಗಂಡಸರು ಹೊರಡುವಾಗ ಬಲಗೈ ತಾನಾಗಿ ಮೇಲೇಳುತ್ತಿತ್ತು. ಹೆಗಲ ಎತ್ತರಕ್ಕೆ ಎದ್ದು, ಖಾಲಿ ಗಾಳಿಯ ಮೇಲೆ ಕೂತು, ಒಂದು ಉಸಿರು ನಿಂತು, ಕೆಳಗಿಳಿಯುತ್ತಿತ್ತು. ಕೆಲವು ಮನೆಗಳಲ್ಲಿ ಖಾಲಿ ಗಾಳಿ ಸಾಲದೆ ಬಾಗಿಲು ಹಾಕಿಕೊಂಡು ಹಳೆಯದನ್ನೇ ಮುಂದುವರಿಸಿದರು ಎಂದೂ ಹೇಳುತ್ತಾರೆ. ಇರಬಹುದು. ಗುರಿಕಾರನ ನೆರಳು ಅದಕ್ಕಿಂತ ಹೆಚ್ಚು ಹರಿಯಲಿಲ್ಲ. ಬಿದ್ದ ತೂತು ಮುಚ್ಚಲೂ ಇಲ್ಲ. ತಿಂದದ್ದನ್ನು ನೀರು ಮರಳಿ ಕೊಡುವುದಿಲ್ಲ. ತಂಗಿಯ ಹೆಸರು ಸಿಗಲಿಲ್ಲ. ಅಮ್ಮ ನೆನಪಿಸಿಕೊಳ್ಳಲು ದಿನವೆಲ್ಲ ಕೂತಳು, ಅಕ್ಕ ಹತ್ತಾರು ಹೆಸರು ಹೇಳಿ ನೋಡಿದಳು. ಎಲ್ಲದಕ್ಕೂ ತಂಗಿ ತಲೆ ಅಲ್ಲಾಡಿಸಿದಳು.

ಆಯುವವಳು ದೋಣಿಗಳಿಗೆಲ್ಲ ಹಗುರಲೋಹ ಬಿಗಿದಳು. ತಮ್ಮನ ದೋಣಿಗೆ ಅಪ್ಪನ ಫ್ಯಾನು ಹಾಕಿದಳು. ಸಂಜೆಗೆ ಕೆಲಸ ಮುಗಿಸಿ ಧಕ್ಕೆಯ ಮೆಟ್ಟಿಲ ಮೇಲೆ, ನೀರಿಗೆ ಕಾಲಿಳಿಬಿಟ್ಟು ಕೂತಿದ್ದಳು. ತಂಗಿ ಬಂದು ಅದೇ ಮೆಟ್ಟಿಲಲ್ಲಿ, ಒಂದು ಮಾರು ಬಿಟ್ಟು ಕೂತಳು. ಅವಳ ಕೆನ್ನೆಯ ಚಿಪ್ಪು ಅರ್ಧ ಉದುರಿತ್ತು. ಅಡಿಯಲ್ಲಿ ತೆಳ್ಳನೆಯ, ಆದರೆ ಅವಳದೇ ಆದ ಚರ್ಮ.

ಅಕ್ಕನಿಗೆ ತಂಗಿಯನ್ನು ಅಪ್ಪಿಕೊಳ್ಳಬೇಕು ಅನ್ನಿಸುತ್ತಿತ್ತು. ಅಷ್ಟು ಆಸೆ ಅವಳಿಗೆ ಹುಟ್ಟಿದಾಗಿನಿಂದ ಯಾವುದರ ಮೇಲೂ ಆಗಿರಲಿಲ್ಲ. ಬಲಗೈ ತಾನಾಗಿ ಎದ್ದಿತು. ಅದನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಒತ್ತಿಕೊಂಡಳು.

"ಕೇಳು," ಅಂದಳು ತಂಗಿ.

"ಎಂಥದು?"

"ಯಾರೂ ಇವತ್ತಿನ ತನಕ ನನ್ನನ್ನು ಕೇಳಿ ಮುಟ್ಟಲಿಲ್ಲ. ನೀನು ಕೇಳು."

ಅಕ್ಕ ಅವಳ ಕಡೆ ತಿರುಗಿದಳು. "ಮುಟ್ಟಲಾ?"

ತಂಗಿ ಕೈಯನ್ನು ನೀರಿಗೆ ಇಳಿಸಿ, ಇನ್ನೂ ಚಿಪ್ಪಿದ್ದ ಕಿರುಬೆರಳನ್ನು ಅಕ್ಕನ ಕಡೆಗೆ ಚಾಚಿದಳು. ಅಕ್ಕ ತನ್ನ ಕೈಯನ್ನೂ ನೀರಿಗೆ ಬಿಟ್ಟು ಆ ಬೆರಳನ್ನು ಹಿಡಿದಳು. ಇಬ್ಬರೂ ಬಗ್ಗಿ ನೋಡಿದರು. ಮೊದಲು ಏನೂ ಇರಲಿಲ್ಲ. ಆಮೇಲೆ ಒಂದೊಂದಾಗಿ, ಸಾಸಿವೆಯಷ್ಟು ಸಣ್ಣಗೆ, ಗುಳ್ಳೆಗಳು ಎದ್ದವು. ಎಲ್ಲವೂ ಅಕ್ಕನ ಬೆರಳಿನ ಮೇಲೆ.

"ಬಿಡು ಅಕ್ಕ," ಅಂದಳು ತಂಗಿ.

ಅಕ್ಕ ಬಿಡಲಿಲ್ಲ.